ಮೊಳೆಯ ಮೇಲಿನ ಚೀಲ

ಮುಂಗಾರು ಹಿಡಿಯುವ ಮುಂಚಿನ ಒಂದು ಭಾನುವಾರ, ತಿಂಡಿ ಮುಗಿದ ಮೇಲೆ, ನಡುಮನೆಯಲ್ಲಿ ಚಾಪೆ ಹಾಸಿ, ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುವ ಚೀಲವನ್ನು ಇಳಿಸುತ್ತೇನೆ. ಒಳಗಿನದನ್ನೆಲ್ಲ ಸುರಿದು, ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ತುಂಬುವ ಹೊತ್ತಿಗೆ ಮಧ್ಯಾಹ್ನದ ಊಟದ ಹೊತ್ತಾಗಿರುತ್ತದೆ. ಮಗಳಿಗೆ ಅದು ಹಬ್ಬ. ಹಳೇ ಪೇಪರಿನವರ ಕೈಯಲ್ಲಿರುವಂಥ ಕೊಕ್ಕೆ ತಕ್ಕಡಿಯೊಂದು ನಮ್ಮಲ್ಲಿದೆ. ತೂಗುವುದು, ಕೂಗಿ ಹೇಳುವುದು ಅವಳ ಪಾಲು. "ಅಪ್ಪಾ, ಹಗ್ಗ ಒಂದು ಕೆಜಿ ಇನ್ನೂರು." "ಕಂಬಳಿ ಒಂದೂಮುಕ್ಕಾಲು." ಚೀಲದ ಪುಸ್ತಕದಲ್ಲಿ ಬರೆದುಕೊಳ್ಳುವುದು ನನ್ನ ಪಾಲು. ಒಟ್ಟು ಹತ್ತು ಕೆಜಿ ದಾಟುವಂತಿಲ್ಲ ಎಂಬುದು ನಮ್ಮ ಕಟ್ಟಳೆ. ನನ್ನ ತೂಕ ಅರವತ್ತೆರಡು. ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೊತ್ತರೆ ಎರಡು ಮೈಲಿ ನಡೆದ ಮೇಲೆ ನನ್ನ ಕೈಯಿಂದ ಬೇರೆ ಯಾರನ್ನೂ ಎತ್ತಲಾಗುವುದಿಲ್ಲ. ಇದನ್ನು ಹೊತ್ತು ನೋಡಿಯೇ ತಿಳಿದದ್ದು.

ನಾವಿರುವ ಸಿಂಗಸಂದ್ರ ಹೊಸೂರು ರಸ್ತೆಗೆ ಅಂಟಿಕೊಂಡ ಊರು. ಕೂಡ್ಲು ಗೇಟ್ ದಾಟಿದರೆ ಸಿಂಗಸಂದ್ರ, ಆಮೇಲೆ ಹೊಸ ರೋಡ್, ಮುಂದೆ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ. 2010ರಲ್ಲಿ ತಲೆಯ ಮೇಲೆ ಮೇಲ್ಸೇತುವೆ ಬಂತು, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂತು. ಈಗ ನಾನು ಬೊಮ್ಮಸಂದ್ರದ ಮಷಿನ್ ಶಾಪಿಗೆ ಶಿಫ್ಟಿಗೆ ಹೋಗುವುದು ಅದರಲ್ಲೇ. ನಮ್ಮ ಬೀದಿಯಲ್ಲಿ ಐದು ಮಹಡಿಯ ಪೀಜಿಗಳು, ಅವುಗಳ ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಶೆಡ್ಡುಗಳು, ಶೆಡ್ಡಿನಲ್ಲಿ ರಾಯಚೂರು, ಕಲಬುರಗಿ, ಬಿಹಾರ, ಒಡಿಶಾದಿಂದ ಬಂದ ಗಾರೆ ಕೆಲಸದವರು. ಮಳೆ ಜೋರಾದ ರಾತ್ರಿ ನನಗೆ ಮೊದಲು ನೆನಪಾಗುವುದು ಆ ತಗಡುಗಳು.

ಚೀಲ ಕಟ್ಟುವುದನ್ನು ನಾನು ಕಲಿತದ್ದು 2018ರ ಕೊಡಗಿನಲ್ಲಿ, ಕಟ್ಟಲು ಬಾರದೆ ಹೋಗಿದ್ದರಿಂದ. ಆ ಆಗಸ್ಟಿನ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿ, ತೋಟ, ಮನೆ, ರಸ್ತೆ ಒಟ್ಟಿಗೆ ಕೊಚ್ಚಿಹೋದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೇ ತುಂಡಾಯಿತು. ನಾವು ಹತ್ತು ಜನ ಗೆಳೆಯರು ಅಕ್ಕಿ, ಬೇಳೆ, ಹೊದಿಕೆ ತುಂಬಿದ ಲಾರಿಯ ಹಿಂದೆ ಕುಶಾಲನಗರದ ದಾರಿಯಲ್ಲಿ ಹೊರಟೆವು. ನನ್ನ ಬೆನ್ನಿಗೆ ಕಾಲೇಜಿನ ಕಾಲದ ಬ್ಯಾಗು. ಅದರಲ್ಲಿ ಎರಡು ಕಾಟನ್ ಶರ್ಟು, ಫೋನಿನ ಚಾರ್ಜರು, ಬಿಸ್ಕತ್ತು. ಮೈಮೇಲೆ ಜೀನ್ಸು, ಕಾಲಿಗೆ ಕ್ಯಾನ್ವಾಸ್ ಶೂ.

ಮೊದಲ ದಿನ ಸಂಜೆಗೇ ಎಲ್ಲ ತೊಯ್ದು ತೊಪ್ಪೆಯಾಯಿತು. ಕೊಡಗಿನ ಆಗಸ್ಟಿನಲ್ಲಿ ನೆನೆದ ಜೀನ್ಸು ಮೂರು ದಿನವಾದರೂ ಒಣಗುವುದಿಲ್ಲ. ಶೂ ಒಳಗೆ ಪಾದ ಬೆಳ್ಳಗೆ ಸುಕ್ಕುಗಟ್ಟಿ ಬೆರಳ ಸಂದಿ ಬಿರಿಯಿತು. ಇಂಬಳ ಹತ್ತಿದ ಕಡೆಯಿಂದ ರಕ್ತ ನಿಲ್ಲದೆ ಜಿನುಗುತ್ತಿತ್ತು. ಎರಡನೇ ರಾತ್ರಿ ಜ್ವರ ಬಂತು. ಪರಿಹಾರ ಕೇಂದ್ರದ ಡಾಕ್ಟರು ಅಲ್ಲಿದ್ದವರಿಗೆಂದು ತಂದ ಮಾತ್ರೆಯನ್ನು ನನಗೆ ಕೊಟ್ಟರು. ಅಲ್ಲಿದ್ದವರಿಗೆಂದು ಬೇಯಿಸಿದ ಗಂಜಿಯನ್ನು ನಾನು ಕುಡಿದೆ. ಪಕ್ಕದ ಚಾಪೆಯ ಅಜ್ಜಿಯೊಬ್ಬರು "ಎಲ್ಲಿಂದ ಬಂದದ್ದು ನೀವು?" ಎಂದು ಕೇಳಿ, "ಪಾಪ, ಅಷ್ಟು ದೂರದಿಂದ" ಎನ್ನುತ್ತ, ಆ ದಿನವಷ್ಟೇ ಅವರ ಕೈಗೆ ಸಿಕ್ಕಿದ್ದ ಹೊಸ ಹೊದಿಕೆಯನ್ನು ನನ್ನ ಕಾಲಿನ ಮೇಲೆ ಹೊದಿಸಿದರು. ಅವರ ಮನೆ ಮಣ್ಣಿನಡಿ ಹೋಗಿತ್ತು. ಬೇಡ ಅನ್ನುವಷ್ಟು ತ್ರಾಣ ನನಗಿರಲಿಲ್ಲ. ಆ ಹೊದಿಕೆಯ ಭಾರವನ್ನು ಯಾವ ತಕ್ಕಡಿಯಲ್ಲಿ ತೂಗಲಿ? ನೆರವಾಗಲು ಹೋದವನು ಒಂದು ಹಾಸಿಗೆ, ಒಂದು ಊಟ, ಒಬ್ಬ ಡಾಕ್ಟರರ ಅರ್ಧ ಗಂಟೆಯನ್ನು ನೊಂದವರ ಪಾಲಿನಿಂದ ತೆಗೆದುಕೊಂಡು ಬಂದೆ. ನನ್ನ ಚೀಲದಲ್ಲಿರುವ ಪ್ರತಿಯೊಂದು ವಸ್ತುವೂ ಆ ಸಾಲದ ಒಂದೊಂದು ಕಂತು.

ಮಾರನೇ ವರ್ಷ ಪೌರರಕ್ಷಣಾ ದಳಕ್ಕೆ ಹೆಸರು ಕೊಟ್ಟೆ. ಹಲಸೂರು ಕೆರೆಯ ಹತ್ತಿರ ಗೃಹರಕ್ಷಕ ದಳದ ಜೊತೆಗೇ ಅದರ ಕಚೇರಿಯೂ ಇದೆ. 2025ರ ಮೇ 7ರಂದು ದೇಶದಾದ್ಯಂತ ಸೈರನ್ ಕೂಗಿಸಿ ಅಣಕು ಕಾರ್ಯಾಚರಣೆ ನಡೆಸಿದಾಗ ಬೆಂಗಳೂರಿನಲ್ಲಿ ಅದು ನಡೆದದ್ದು ಅಲ್ಲೇ. ಪೌರರಕ್ಷಣೆ ಅಂದರೆ ಯುದ್ಧಕಾಲದ ಮಾತು ಎಂದೇ ಬಹಳ ಜನರ ಎಣಿಕೆ. 1968ರ ಕಾಯ್ದೆಯನ್ನು 2009ರಲ್ಲಿ ತಿದ್ದಿ ನೆರೆ, ಭೂಕಂಪ, ಕಟ್ಟಡ ಕುಸಿತದಂಥವನ್ನೂ ಸೇರಿಸಿದ್ದಾರೆ. ತರಬೇತಿಯಲ್ಲಿ ನಮ್ಮ ಮೇಷ್ಟ್ರು ಮೊದಲ ದಿನವೇ ಒಂದು ಪ್ರಶ್ನೆ ಹಾಕಿದರು: "ಮೂರು ದಿನ ಯಾರನ್ನೂ ಏನೂ ಕೇಳದೆ ಇರಬಲ್ಲಿರಾ?" ವಿಶ್ವಸಂಸ್ಥೆಯ ನೆರಳಿನಲ್ಲಿ 1991ರಲ್ಲಿ ಹುಟ್ಟಿದ ಇನ್‌ಸರಾಗ್ ಎಂಬ ಕೂಟ ದೇಶ ದೇಶಗಳ ಶೋಧ ತಂಡಗಳಿಗೆ ಕಟ್ಟಳೆ ಹಾಕಿಕೊಟ್ಟಿದೆ. ಮಧ್ಯಮ ದರ್ಜೆಯ ತಂಡ 7 ದಿನ, ದೊಡ್ಡ ತಂಡ 10 ದಿನ, ತಾನು ತಂದದ್ದನ್ನೇ ಉಂಡು, ತಾನು ತಂದ ಡೇರೆಯಲ್ಲೇ ಮಲಗಿ ಕೆಲಸ ಮಾಡಬೇಕು. ನಮ್ಮಂಥ ಸ್ವಯಂಸೇವಕರಿಗೆ ಎಪ್ಪತ್ತೆರಡು ಗಂಟೆ ಸಾಕು. ಆದರೆ ಆ ಎಪ್ಪತ್ತೆರಡು ಗಂಟೆ ನಿಜವಾಗಿಯೂ ನಮ್ಮದಾಗಿರಬೇಕು.

ಮೇಷ್ಟ್ರು ಹಳೇ ಮಿಲಿಟರಿಯವರು. ಚೀಲಕ್ಕೆ ಮೂರು ಮನೆ ಇರಬೇಕೆಂದು ಹೇಳಿಕೊಟ್ಟವರು ಅವರೇ. ಬೆನ್ನಿನ ಚೀಲ ಕಳೆದುಹೋದರೂ, ಸೊಂಟದ ಚೀಲ ಹರಿದುಹೋದರೂ, ಮೈಮೇಲೆ ಉಳಿದದ್ದರಿಂದ ಜೀವ ಉಳಿಯಬೇಕು. ಹಾಗಾಗಿ ಸೀಟಿ ಕೊರಳಲ್ಲಿ. ಸಣ್ಣ ಟಾರ್ಚು, ಚಾಕು, ರಕ್ತದ ಗುಂಪು ಮತ್ತು ಮನೆಯವರ ಫೋನ್ ನಂಬರು ಬರೆದ ಚೀಟಿ ಅಂಗಿಯ ಜೇಬಿನಲ್ಲಿ. ಚೀಟಿಗೆ ಮಗಳು ಅಂಟುಟೇಪು ಸುತ್ತಿ ನೀರು ತಾಗದ ಹಾಗೆ ಮಾಡಿಕೊಟ್ಟಿದ್ದಾಳೆ. ಸೊಂಟದ ಚೀಲದಲ್ಲಿ ಗ್ಲೌಸು, ಬ್ಯಾಂಡೇಜು, ಮುಖಗವುಸು, ಒಂದು ಹಿಡಿ ತಿನಿಸು, ಅರ್ಧ ಲೀಟರ್ ನೀರು. ಬೆನ್ನಿನದರಲ್ಲಿ ಮಲಗುವುದು, ಉಡುವುದು, ಉಣ್ಣುವುದು. ಮೇಲುಗಡೆ ಬೇಗ ಬೇಕಾಗುವ ರೇನ್‌ಕೋಟು. ಭಾರವಾದದ್ದು ಬೆನ್ನುಮೂಳೆಗೆ ಒತ್ತಿಕೊಂಡು ನಡುವೆ. ಮೇಷ್ಟ್ರು ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿ "ಗ್ಲೌಸು ತೆಗಿ" ಅನ್ನುತ್ತಿದ್ದರು. ಕತ್ತಲಲ್ಲಿ ತಡಕಾಡಿದರೆ ಮತ್ತೆ ಮೊದಲಿನಿಂದ ಕಟ್ಟಬೇಕಿತ್ತು.

ಗಮ್‌ಬೂಟಿನ ವಿಷಯದಲ್ಲಿ ನನಗೂ ಜೊತೆಯವರಿಗೂ ಈಗಲೂ ಜಗಳ. ಕಾಫಿ ತೋಟದಲ್ಲಿ ಅದಕ್ಕಿಂತ ಒಳ್ಳೆಯ ಪಾದರಕ್ಷೆ ಇಲ್ಲ. ಇಂಬಳ, ಹಾವು, ಮುಳ್ಳು ಎಲ್ಲಕ್ಕೂ ಸೈ. ಕೇಂದ್ರದ ಆಪದ ಮಿತ್ರ ಯೋಜನೆಯಲ್ಲಿ ಸ್ವಯಂಸೇವಕರಿಗೆ ಕೊಡುವ ಕಿಟ್ಟಿನಲ್ಲೂ ಲೈಫ್ ಜಾಕೆಟ್ಟು, ಹೆಲ್ಮೆಟ್ಟು, ಸೀಟಿ, ಸೊಳ್ಳೆಪರದೆಯ ಜೊತೆ ಗಮ್‌ಬೂಟು ಇದೆ. ಸೊಳ್ಳೆಪರದೆ ಸೇರಿಸಿದವರ ಮೇಲೆ ನನಗೆ ತುಂಬ ಗೌರವ. ರಾತ್ರಿಯ ಬಗ್ಗೆ ಯೋಚಿಸಿದ ಮನುಷ್ಯ ಮಾತ್ರ ಅದನ್ನು ಪಟ್ಟಿಗೆ ಹಾಕಬಲ್ಲ. ಆದರೆ ಗಮ್‌ಬೂಟು ನಿಂತ ನೀರಿಗೆ, ಅದೂ ಮೊಣಕಾಲಿಗಿಂತ ಕೆಳಗಿನ ನೀರಿಗೆ ಸರಿ. ಹರಿಯುವ ನೀರಿನಲ್ಲಿ ಅದರೊಳಗೆ ನೀರು ತುಂಬಿತೆಂದರೆ ಎರಡು ಕೊಡ ಕಾಲಿಗೆ ಕಟ್ಟಿಕೊಂಡ ಹಾಗೆ. ಗುಡ್ಡ ಜಾರಿದ ಕೆಸರಿನಲ್ಲಂತೂ ಬೂಟು ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ನನ್ನದು ಲೇಸು ಬಿಗಿಯುವ, ಹರಡು ಮುಚ್ಚುವ, ನೀರು ಬಸಿದುಹೋಗುವ ಶೂ. ಜೊತೆಗೆ ಮೂರು ಜೊತೆ ಉಣ್ಣೆಯ ಕಾಲುಚೀಲ. ಮೂರರಲ್ಲಿ ಒಂದು ಜೊತೆ ರಾತ್ರಿಗೇ ಮೀಸಲು, ಎಂಥ ಹೊತ್ತಿನಲ್ಲೂ ಹಗಲು ಮುಟ್ಟುವುದಿಲ್ಲ. ಒಣಗಿದ ಪಾದ ಆರು ಗಂಟೆ ಸಿಕ್ಕರೆ ಮಾರನೇ ದಿನ ನಡೆಯುತ್ತದೆ.

ಕಂಬಳಿಯನ್ನು ನೋಡಿ ಹೊಸ ಹುಡುಗರು ಕೇಳುತ್ತಾರೆ, ಇಷ್ಟು ಭಾರದ್ದು ಯಾಕಣ್ಣ ಎಂದು. ನಮ್ಮದು ಶಿರಾ ಸೀಮೆ. ಈ ಕಂಬಳಿ ಚಳ್ಳಕೆರೆ ಸಂತೆಯಲ್ಲಿ ಅಪ್ಪ ಕೊಂಡದ್ದು. ಉಣ್ಣೆ ನೆನೆದರೂ ಬೆಚ್ಚಗೇ ಇರುತ್ತದೆ. ಕಾಟನ್ನಿನ ಹಾಗೆ ಮೈಯ ಕಾವನ್ನು ಹೀರಿ ತಣ್ಣಗಾಗುವುದಿಲ್ಲ. ಕುರಿ ಕಾಯುವವರು ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಮಳೆಯಲ್ಲಿ ನಿಂತಿರುತ್ತಾರೆ. ಎರಡು ಬಿದಿರಿನ ಗಳುಗಳ ಮೇಲೆ ಸುತ್ತಿ ಮಡಚಿದರೆ ಗಾಯಾಳುವನ್ನು ಹೊರುವ ಡೋಲಿಯಾಗುತ್ತದೆ. ಒಂದು ವಸ್ತು ಮೂರು ಕೆಲಸ ಮಾಡಿದರೆ ಅದರ ತೂಕವನ್ನು ಮೂರರಿಂದ ಭಾಗಿಸು ಎನ್ನುವುದು ಮಷಿನ್ ಶಾಪಿನವನಾದ ನನ್ನ ಲೆಕ್ಕ. ಹಾಗೆಯೇ ಪಂಚೆ. ಅದು ಟವೆಲು, ಹೊದಿಕೆ, ತೋಳಿಗೆ ಜೋಲಿ, ಹೆಣ್ಣುಮಕ್ಕಳು ಬಟ್ಟೆ ಬದಲಿಸುವಾಗ ಮರೆ. ಕೊನೆಯದನ್ನು ಹೇಳಿಕೊಟ್ಟವಳು ನನ್ನ ಹೆಂಡತಿ. ಸ್ಯಾನಿಟರಿ ಪ್ಯಾಡಿನ ಎರಡು ಪ್ಯಾಕೆಟ್ಟು ಇಡಿಸಿದವಳೂ ಅವಳೇ. "ರೀ, ಮನೆ ಬಿದ್ದ ದಿನ ಇದು ಬರಲ್ಲ ಅಂತ ಏನಾದ್ರೂ ಇದೆಯಾ?" ಎಂದಳು. ನನ್ನ ಪಟ್ಟಿಯಲ್ಲಿ ಅಲ್ಲಿಯವರೆಗೆ ಅದು ಇರಲೇ ಇಲ್ಲ.

ಬೆಂಗಳೂರಿನ ನೀರು ಕೊಡಗಿನ ನೀರಲ್ಲ. 2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಸುಮಾರು 131 ಮಿ.ಮೀ. ಮಳೆಗೆ ಸರ್ಜಾಪುರ ರಸ್ತೆ, ಬೆಳ್ಳಂದೂರು, ಯಮಲೂರು ಕೆರೆಗಳಾದವು. ಕೋಟಿ ಬೆಲೆಯ ವಿಲ್ಲಾಗಳಿಂದ ಜನರನ್ನು ಎನ್‌ಡಿಆರ್‌ಎಫ್‌ನವರು ದೋಣಿಯಲ್ಲಿ ಕರೆತಂದರು. ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅಲ್ಲಿ ನಾನು ಎರಡು ದಿನ ನೀರಿನಲ್ಲಿದ್ದೆ. ಅಲ್ಲಿ ಅತಿ ಹೆಚ್ಚು ಬಳಕೆಯಾದದ್ದು ಚೀಲದಲ್ಲಿದ್ದ ಯಾವುದೂ ಅಲ್ಲ, ಕೈಯಲ್ಲಿದ್ದ ಆರಡಿಯ ಬಿದಿರು ಕೋಲು. ಕಂದು ನೀರಿನಡಿ ಮ್ಯಾನ್‌ಹೋಲ್ ಮುಚ್ಚಳ ತೆರೆದಿದೆಯೋ, ಚರಂಡಿಯ ಚಪ್ಪಡಿ ಸರಿದಿದೆಯೋ ಕಣ್ಣಿಗೆ ಕಾಣುವುದಿಲ್ಲ, ಕೋಲಿಗೆ ಕಾಣುತ್ತದೆ. ಅಂದಿನಿಂದ ಕೋಲೂ ಬಾಗಿಲ ಹಿಂದೆಯೇ ಇದೆ.

ಇನ್ನೊಂದು, ಕರೆಂಟು. 2025ರ ಮೇ 19ರಂದು ನಮ್ಮಿಂದ ಏಳೆಂಟು ಕಿಲೋಮೀಟರ್ ಆಚೆ, ಬಿಟಿಎಂ ಎರಡನೇ ಹಂತದ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಗೆ ನುಗ್ಗಿದ್ದ ನೀರನ್ನು ಮೋಟಾರಿನಿಂದ ಹೊರಹಾಕಲು ಹೋದ 63 ವರ್ಷದ ಹಿರಿಯರೂ, ಅವರ ಹತ್ತಿರವೇ ಇದ್ದ 12 ವರ್ಷದ ಹುಡುಗನೂ ಶಾಕ್ ಹೊಡೆದು ತೀರಿಕೊಂಡರು. ಆ ಹುಡುಗ ಅಲ್ಲಿ ಕೆಲಸ ಮಾಡುತ್ತಿದ್ದವರ ಮಗ. ನನ್ನ ಮಗಳ ವಯಸ್ಸು. ಆ ಸುದ್ದಿ ಓದಿದ ರಾತ್ರಿ ಚೀಲಕ್ಕೆ ಟೆಸ್ಟರು ಸೇರಿಸಿದೆ, ಆಮೇಲೆ ತೆಗೆದೆ. ನೀರಿನಲ್ಲಿ ನಿಂತು ಟೆಸ್ಟರು ಹಿಡಿಯುವುದು ಇನ್ನೂ ದೊಡ್ಡ ತಪ್ಪು. ಬದಲಿಗೆ ಬೆಸ್ಕಾಂನ 1912 ನಂಬರನ್ನು ಪುಸ್ತಕದ ಮೊದಲ ಪುಟದಲ್ಲಿ ದಪ್ಪಗೆ ಬರೆದೆ. ಮೇನ್ ಆಫ್ ಆಗಿದೆ ಎಂದು ಗೊತ್ತಾಗುವವರೆಗೆ ನೆಲಮಾಳಿಗೆಯ ಮೆಟ್ಟಿಲು ಇಳಿಯುವುದಿಲ್ಲ, ಜೊತೆಯವರನ್ನು ಇಳಿಯಲು ಬಿಡುವುದೂ ಇಲ್ಲ. ನಮ್ಮ ಬೀದಿಯ ಪೀಜಿಗಳ ವಾಚ್‌ಮನ್‌ಗಳಿಗೆಲ್ಲ ಇದನ್ನು ಹೇಳಿ ಬಂದಿದ್ದೇನೆ. ಮಳೆಗಾಲದಲ್ಲಿ ಮತ್ತೆ ಮತ್ತೆ ಹೇಳುತ್ತೇನೆ.

ನೆರೆಯ ನೀರು ಚರಂಡಿಯ ನೀರೂ ಹೌದು. ಕಾಲಿನಲ್ಲಿ ಸಣ್ಣ ಗೀರಿದ್ದರೂ ಇಲಿ ಜ್ವರ ಹಿಡಿಯಬಹುದು. 2018ರಲ್ಲಿ ಕೇರಳದಲ್ಲಿ ನೆರೆ ಇಳಿದ ಮೇಲೆ ನೀರಿನಲ್ಲಿ ಕೆಲಸ ಮಾಡಿದವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟದ್ದು ಇದಕ್ಕಾಗಿ. ಡಾಕ್ಟರನ್ನು ಕೇಳಿ, ಅವರು ಬರೆದುಕೊಟ್ಟ ಚೀಟಿಯ ಸಮೇತ ಅದನ್ನು ಇಟ್ಟಿದ್ದೇನೆ. ಟಿಟಿ ಇಂಜೆಕ್ಷನ್ನಿನ ತಾರೀಕು ಪುಸ್ತಕದಲ್ಲಿದೆ.

ಸೀಟಿಯ ಬಗ್ಗೆ ಹೇಳಬೇಕು. ಇಪ್ಪತ್ತು ರೂಪಾಯಿಯ, ಒಳಗೆ ಗೋಲಿ ಇಲ್ಲದ ಪ್ಲಾಸ್ಟಿಕ್ ಸೀಟಿ. ಗೋಲಿ ಇರುವುದು ಕೆಸರು ಸೇರಿದರೆ ಊದುವುದಿಲ್ಲ. ಕಟ್ಟಡ ಬಿದ್ದ ಕಡೆ ಮೂರು ಬಗೆಯ ಸೀಟಿಗೆ ಜಗತ್ತಿನಾದ್ಯಂತ ಒಂದೇ ಅರ್ಥ. ಮೂರು ಸಣ್ಣ ಸೀಟಿ ಮತ್ತೆ ಮತ್ತೆ ಬಂದರೆ ಎಲ್ಲರೂ ಹೊರಗೆ ಓಡಬೇಕು. ಒಂದು ಉದ್ದ, ಒಂದು ಗಿಡ್ಡ ಬಂದರೆ ಮತ್ತೆ ಕೆಲಸ. ಒಂದೇ ಒಂದು ಉದ್ದ ಸೀಟಿ, ಮೂರು ಸೆಕೆಂಡು, ಬಂದರೆ ಎಲ್ಲವೂ ನಿಲ್ಲಬೇಕು. ಜೆಸಿಬಿ ನಿಲ್ಲಬೇಕು, ಜನರೇಟರ್ ನಿಲ್ಲಬೇಕು, ಹಾರೆ ಕೆಳಗಿಡಬೇಕು, ಅಳುವವರೂ ಬಾಯಿಗೆ ಸೆರಗು ಒತ್ತಿಕೊಳ್ಳಬೇಕು. ಆ ನಿಶ್ಶಬ್ದದಲ್ಲಿ ಕಾಂಕ್ರೀಟಿನಡಿಯಿಂದ ಒಂದು ಕುಟ್ಟುವ ಸದ್ದು, ಒಂದು ನರಳಿಕೆ ಕೇಳಿದರೆ ಸಾಕು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಹೋದರು. ಆದರೆ ಮಾರ್ಚ್ 22ರಂದೂ ಅದರಡಿಯಿಂದ ಜೀವಂತ ಮನುಷ್ಯರು ಹೊರಬಂದರು. ಮೂರು ದಿನ! ಹೊರಗಿರುವ ನಾವು ಮೂರು ದಿನ ನಮ್ಮ ಕಾಲ ಮೇಲೆ ನಿಂತಿರಬೇಕೆಂದು ಮೇಷ್ಟ್ರು ಕೇಳಿದ್ದರ ಹಿಂದೆ, ಒಳಗಿರುವವರು ಮೂರು ದಿನ ಕಾಯಬಲ್ಲರು ಎಂಬ ನಂಬಿಕೆ ಇದೆ ಎಂದು ನನಗೆ ಆಗ ಹೊಳೆಯಿತು.

ಕುಸಿದ ಕಟ್ಟಡದಲ್ಲಿ ಬೇರೆಯದೇ ಕಷ್ಟಗಳು. ಸಿಮೆಂಟಿನ ದೂಳು ಪುಪ್ಪುಸಕ್ಕೆ ಇಳಿಯುತ್ತದೆ, ಅದಕ್ಕೆ ಬಟ್ಟೆಯ ಗವುಸು ಸಾಲದು, ಎನ್-95 ಬೇಕು. ನಾನು ಆರು ಇಟ್ಟಿದ್ದೇನೆ. ಕಂಬಿಯ ಚೂಪಿಗೆ ಚರ್ಮದ ಗ್ಲೌಸು, ಅದರೊಳಗೆ ರಕ್ತ ತಾಗದ ಹಾಗೆ ತೆಳು ರಬ್ಬರಿನದು. ಹೆಲ್ಮೆಟ್ಟು ಕಟ್ಟಡ ಕೆಲಸದ್ದು, ಬೈಕಿನದಲ್ಲ. ಬೈಕಿನದು ಹಾಕಿಕೊಂಡರೆ ಕಿವಿ ಮುಚ್ಚುತ್ತದೆ, ಆ ಉದ್ದ ಸೀಟಿಯೂ ಕೇಳುವುದಿಲ್ಲ. ಟಾರ್ಚು ತಲೆಗೆ ಕಟ್ಟುವಂಥದ್ದು. ಎರಡು ಕೈಯೂ ಬಿಡುವಾಗಿರಬೇಕು. ಹಗ್ಗದಲ್ಲಿ ಕಲಿತ ಒಂದೇ ಗಂಟು ನನಗೆ ಪ್ರಾಣ. ದನದ ಕೊರಳಿಗೆ ಹಾಕುವ, ಎಷ್ಟು ಎಳೆದರೂ ಬಿಗಿಯಾಗದ ಗಂಟು. ಊರಲ್ಲಿ ಕಣ್ಣುಮುಚ್ಚಿ ಹಾಕುತ್ತಿದ್ದದ್ದು ತರಬೇತಿಯಲ್ಲಿ ಬೋಲೈನ್ ಎಂಬ ಹೆಸರಿನಲ್ಲಿ ಮತ್ತೆ ಸಿಕ್ಕಿತು. ಜೀರುಕುಣಿಕೆಯನ್ನು ಮನುಷ್ಯರ ಮೈಗೆ ಎಂದೂ ಹಾಕಬಾರದು.

2024ರ ಅಕ್ಟೋಬರ್ 22ರ ಮಳೆಯ ಮಧ್ಯಾಹ್ನ ಹೆಣ್ಣೂರು ಕಡೆಯ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 9 ಕೆಲಸಗಾರರು ತೀರಿಕೊಂಡರು. ಸಿಕ್ಕಿಬಿದ್ದವರಲ್ಲಿ ಹಲವರು ಬಿಹಾರದವರು. ಅದಾದ ಮೇಲೆ ನಾನು ನಮ್ಮ ಬೀದಿಯ ಶೆಡ್ಡುಗಳಿಗೆ ಹೋಗಿ ಕುಳಿತು ಮಾತು ಕಲಿತು ಬಂದೆ. ಎಲ್ಲಿ ನೋವು, ಎಷ್ಟು ಜನ ಇದ್ದೀರಿ, ಕಾಲು ಅಲುಗುತ್ತದೆಯೇ, ನಿದ್ದೆ ಮಾಡಬೇಡ, ನಾನು ಇಲ್ಲೇ ಇದ್ದೇನೆ. ಈ ಐದು ಮಾತು ಹಿಂದಿ, ತೆಲುಗು, ಒಡಿಯಾ, ಬಂಗಾಳಿಯಲ್ಲಿ, ಕನ್ನಡ ಲಿಪಿಯಲ್ಲಿ, ಪೆನ್ಸಿಲಿನಲ್ಲಿ. ಪೆನ್ನಿನದು ಮಳೆಗೆ ಕರಗುತ್ತದೆ. ಒಡಿಶಾದ ಒಬ್ಬ ಮೇಸ್ತ್ರಿ ನನ್ನ ಉಚ್ಚಾರ ಸರಿಹೋಗುವವರೆಗೆ ಬಿಡಲಿಲ್ಲ. ಚೀಲದಲ್ಲಿ ತೂಕವೇ ಇಲ್ಲದ ಸಾಮಾನು ಅದೊಂದೇ, ಮತ್ತು ನನಗೆ ಎಲ್ಲಕ್ಕಿಂತ ಬೆಲೆಯದ್ದೆನಿಸುವುದೂ ಅದೇ.

ಊಟದ ವಿಷಯಕ್ಕೆ ಬಂದರೆ, ಒಲೆ ಬೇಡದ್ದು, ಬೇಯಿಸಬೇಕಿಲ್ಲದ್ದು, ಮೂರು ದಿನಕ್ಕೂ ಕೆಡದ್ದು ಬೇಕು. ಅಂಗಡಿಯ ಎನರ್ಜಿ ಬಾರುಗಳನ್ನು ಒಂದು ವರ್ಷ ಇಟ್ಟು ನೋಡಿದೆ. ಸಿಹಿ ಜಾಸ್ತಿ, ಎರಡನೇ ದಿನಕ್ಕೆ ಬಾಯಿಗೆ ಸೇರುವುದಿಲ್ಲ. ಈಗ ಅಮ್ಮ ಊರಿಂದ ಕಳಿಸುವ ರಾಗಿ ಹುರಿಹಿಟ್ಟು. ರಾಗಿಗೆ ಮಜ್ಜಿಗೆ ಚಿಮುಕಿಸಿ, ಆರಿಸಿ, ಕಾದ ಮರಳಿನಲ್ಲಿ ಅರಳು ಹುರಿದು ಬೀಸಿದ್ದು. ಒಂದು ಹಿಡಿ ಹಿಟ್ಟು, ಒಂದು ಚೂರು ಬೆಲ್ಲ, ತಣ್ಣೀರು ಹಾಕಿ ಕಲಸಿದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಹಿಂದೆ ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋಗುವವರ ಬುತ್ತಿ ಇದೇ. ಜೊತೆಗೆ ಹುರಿದ ಕಡಲೆಬೀಜ, ಉಪ್ಪು, ಒಆರ್‌ಎಸ್ ಪ್ಯಾಕೆಟ್ಟು, ನೀರಿಗೆ ಹಾಕುವ ಕ್ಲೋರಿನ್ ಮಾತ್ರೆ. ನೀರು ಲೀಟರಿಗೆ ಒಂದು ಕೆಜಿ, ಅದರಲ್ಲಿ ರಿಯಾಯಿತಿ ಇಲ್ಲ. ಎರಡು ಲೀಟರ್ ಹೊರುತ್ತೇನೆ, ಮಿಕ್ಕದ್ದನ್ನು ಅಲ್ಲೇ ಶುದ್ಧ ಮಾಡಿಕೊಳ್ಳುತ್ತೇನೆ. ಉಪ್ಪು ಇಂಬಳಕ್ಕೂ ಆಯಿತು.

ಈ ಸಲ ತೂಕ ಹನ್ನೊಂದು ಕೆಜಿ ತೋರಿಸಿತು. ಒಂದು ಕೆಜಿ ಇಳಿಸಬೇಕು. ಮಗಳು ಕೊಡಲಿಯತ್ತ ಬೆರಳು ತೋರಿಸಿದಳು. ಅವಳು ಹೇಳಿದ್ದು ಸರಿ. ಕೈಕೊಡಲಿಯನ್ನು ನಾನು ಕೊಂಡದ್ದು ನೋಡಲು ಚೆನ್ನಾಗಿತ್ತೆಂದು. ಆರು ವರ್ಷದಲ್ಲಿ ಒಮ್ಮೆಯೂ ತೆಗೆದಿಲ್ಲ. ಮರ ಕಡಿಯುವ, ಕಾಂಕ್ರೀಟು ಒಡೆಯುವ ಸಾಮಾನು ಅಗ್ನಿಶಾಮಕ ದಳದವರ ವಾಹನದಲ್ಲಿರುತ್ತದೆ, ಹಿಡಿಯಲು ಬಲ್ಲವರೂ ಅಲ್ಲಿರುತ್ತಾರೆ. ನನ್ನ ಪಾಲಿಗೆ ಬರುವ ಕೆಲಸ ಹೊರುವುದು, ಹಿಡಿಯುವುದು, ಲೆಕ್ಕ ಬರೆಯುವುದು, ಯಾರದೋ ಪಕ್ಕದಲ್ಲಿ ಕುಳಿತಿರುವುದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು ಗಂಗಾವಳಿಗೆ ಸೇರಿದಾಗ, ನದಿಯಲ್ಲಿ ಮುಳುಗಿದ ಲಾರಿ, ಅದರೊಳಗಿನ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಎಪ್ಪತ್ತು ದಿನ ದಾಟಿತ್ತು. ಅಂಥ ಹುಡುಕಾಟಕ್ಕೆ ನುರಿತ ಮುಳುಗುಗಾರರು, ಡ್ರೆಜ್ಜರು ಬೇಕು, ನನ್ನ ಚೀಲ ಏನೂ ಅಲ್ಲ. ಆದರೆ ದಡದಲ್ಲಿ ದಿನವೂ ಮನೆಯವರು ಕಾಯುತ್ತಿದ್ದರಲ್ಲ, ಅವರ ಪಕ್ಕ ಒಣಗಿದ ಒಂದು ಪಂಚೆ, ಬಿಸಿನೀರಿನ ಫ್ಲಾಸ್ಕು ಹಿಡಿದು ನಿಲ್ಲುವವರೂ ಬೇಕು ಎಂದು ಆ ದಿನಗಳಲ್ಲಿ ಟೀವಿ ನೋಡುತ್ತ ಅನಿಸುತ್ತಿತ್ತು. ಕೊಡಲಿ ಅಡುಗೆಮನೆಯ ಅಟ್ಟಕ್ಕೆ ಹೋಯಿತು. ಒಂಬತ್ತು ಕೆಜಿ ಒಂಬೈನೂರು.

ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಬೇರೆಬೇರೆ ಸುತ್ತಿ, ಗಾಳಿ ಹಿಂಡಿ ಕಟ್ಟಿದೆ. ಟಾರ್ಚಿನ ಸೆಲ್ಲು ಒಳಗೇ ಬಿಟ್ಟರೆ ಸೋರಿ ಟಾರ್ಚನ್ನು ತಿನ್ನುತ್ತದೆ. ಹೊರತೆಗೆದು ಅದಕ್ಕೇ ಟೇಪು ಹಾಕಿ ಅಂಟಿಸಬೇಕು. ತಿಂಗಳಿಗೊಮ್ಮೆ ಹಾಕಿ ಉರಿಸಿ ನೋಡಬೇಕು, ಪವರ್ ಬ್ಯಾಂಕಿಗೆ ಚಾರ್ಜು ಕೊಡಬೇಕು, ಹಿಟ್ಟನ್ನು ಮೂಸಿ ನೋಡಬೇಕು. ಕಳೆದ ಚಳಿಗಾಲವೆಲ್ಲ ನನಗೆ ನೈಟ್ ಶಿಫ್ಟು. ಬೆಳಿಗ್ಗೆ ಬಂದು ಮಲಗಿದರೆ ಸಂಜೆ ಏಳುವುದು. ನಾಲ್ಕು ತಿಂಗಳು ಚೀಲವನ್ನು ಮುಟ್ಟಿರಲಿಲ್ಲ. ಸೆಲ್ಲು ಹಾಳಾಗಿರುತ್ತದೆ ಎಂದುಕೊಂಡೇ ಹಾಕಿ ಟಾರ್ಚು ಒತ್ತಿದೆ, ಹೊತ್ತಿತು. ಹಿಟ್ಟಿನ ಡಬ್ಬಿ ತೆರೆದರೆ ಹೊಸ ಹಿಟ್ಟಿನ ವಾಸನೆ. ತೂಕ ಬರೆಯಲು ಪುಸ್ತಕದ ಕೊನೆಯ ಪುಟ ತಿರುವಿದಾಗ ಅಲ್ಲಿ ಹೆಂಡತಿಯ ಅಕ್ಷರ, ಪೆನ್ಸಿಲಿನಲ್ಲಿ. ನವೆಂಬರ್ 1, ಸೆಲ್ಲು ನೋಡಿದೆ. ಡಿಸೆಂಬರ್ 1, ನೋಡಿದೆ, ಒಂದು ಬದಲಿಸಿದೆ. ಜನವರಿ 1, ಹಿಟ್ಟು ಹೊಸದು, ಪ್ಯಾಡು ಹೊಸದು. ಫೆಬ್ರವರಿ 1, ಎಲ್ಲ ಸರಿ ಇದೆ.

ಅದರ ಕೆಳಗೆ ಇವತ್ತಿನ ತಾರೀಕು, ತೂಕ ಬರೆದು, ಪೆನ್ಸಿಲನ್ನು ಅವಳ ಕೈಗೆ ಕೊಟ್ಟೆ. ಅವಳು ರುಜು ಹಾಕಿದಳು. ಮಗಳು ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಮೊಳೆಗೆ ಸಿಕ್ಕಿಸಿದಳು.